ಅಮ್ಮನಿಗೆ ಹಾಕಿದ ಚಿನ್ನ

ಅಮ್ಮಾ,

ಕೊನೆಗೂ ಹೋದ ವಾರ ನಿನಗೆ ಚಿನ್ನ ಹಾಕಿದೆ. ಬಳೆಯಲ್ಲ, ಮದ್ದು. ಚಿನ್ನ ಬೆರೆತ ಈ ಮದ್ದು ಒಳಗೆ ಸೇರಿದರೆ, ನೀನು ಕರೆಂಟು ಅನ್ನುತ್ತಿದ್ದ ವಿಕಿರಣದ ಏಟು ಗಡ್ಡೆಯ ಜೀವಕೋಶಗಳಿಗೆ ಇನ್ನಷ್ಟು ಬಲವಾಗಿ ತಗಲುತ್ತದೆ.

ನಿನ್ನ ಗಡ್ಡೆಯ ಚೂರನ್ನು ನಮ್ಮ ಪ್ರಯೋಗಾಲಯಕ್ಕೆ ಕೊಡಲು ನೀನೇ ಸಹಿ ಹಾಕಿದ್ದೆಯಲ್ಲ, "ಈ ಹಾಳಾದ್ದು ನಿನ್ನ ಕೆಲಸಕ್ಕಾದ್ರೂ ಬರ್ಲಿ" ಅಂತ. ನೀನು ಹೋಗಿ ಮೂರು ವರ್ಷವಾದರೂ ಅದು ಗಾಜಿನ ತಟ್ಟೆಗಳಲ್ಲಿ ಬೆಳೆಯುತ್ತಲೇ ಇದೆ. ಮೊದಲ ದಿನ ಮುಚ್ಚಳದ ಮೇಲೆ ಸಂಖ್ಯೆ ಬರೆಯುವ ಬದಲು ಕೈತಪ್ಪಿ 'ಅಮ್ಮ' ಎಂದು ಬರೆದುಬಿಟ್ಟೆ. ಆಮೇಲೆ ಎಲ್ಲರ ಬಾಯಲ್ಲೂ ಅದೇ ಹೆಸರು ನಿಂತಿತು. ಎರಡು ದಿನಕ್ಕೊಮ್ಮೆ ಹೊಸ ಪೋಷಕ ದ್ರವ ಸುರಿದು ಅದಕ್ಕೆ ಊಟ ಹಾಕಬೇಕು. ಹಾಗಾಗಿ ನನಗೆ ರಜೆ ಇಲ್ಲ, ಬೇರೆ ಕೆಲಸಕ್ಕೆ ಹೋಗಲು ಕಾಲೂ ಏಳುವುದಿಲ್ಲ.

ಮದ್ದು ಹಾಕಿ ಕರೆಂಟು ಕೊಟ್ಟಿದ್ದ ತಟ್ಟೆಗಳನ್ನು ಇವತ್ತು ನೋಡುತ್ತಿದ್ದ ನಮ್ಮ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಕೂಗಿದರು: "ಎಲ್ರೂ ಬನ್ನಿ, ಅಮ್ಮ ಪೂರ್ತಿ ಸತ್ತೋಗಿದ್ದಾಳೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಸ್ಪತ್ರೆಯಲ್ಲಿ ಅವತ್ತು ನೀನು, "ಕರೆಂಟು ಕೊಟ್ಟಿದ್ದು ಸಾಕು ಕಣೇ, ಮನೆಗೆ ಕರ್ಕೊಂಡು ಹೋಗು" ಅಂದಿದ್ದೆ. "ಇನ್ನು ಐದೇ ಸಲ ಅಮ್ಮ" ಅಂದಿದ್ದೆ ನಾನು. ಕರೆಂಟು ಕೊಡುವ ಕೋಣೆಯ ಆ ದಪ್ಪ ಬಾಗಿಲು ಮುಚ್ಚುವಾಗ ನೀನು ನನ್ನ ಕಡೆ ನೋಡಲಿಲ್ಲ.

ಹೋಲಿಸಿ ನೋಡಲೆಂದು ಮದ್ದು ಹಾಕದೆ ಇಟ್ಟಿದ್ದ ತಟ್ಟೆ ಒಂದು ಉಳಿದಿತ್ತು, ಅದರಲ್ಲಿನ ಜೀವಕೋಶಗಳು ಇನ್ನೂ ಬದುಕಿದ್ದವು. "ಇನ್ನು ಅದ್ಯಾಕೆ, ಎಸೆದ್ಬಿಡು" ಎಂದರು ಮೇಡಂ. "ಆಯ್ತು ಮೇಡಂ" ಎಂದೆ.

ಎಲ್ಲರೂ ಊಟಕ್ಕೆ ಹೋದರು. ನಾನು ಬಾಗಿಲು ಹಾಕಿಕೊಂಡು ಅದಕ್ಕೆ ಊಟ ಹಾಕಿದೆ.