ಒಂದೇ ಟಿಕೆಟ್‌ನಲ್ಲಿ ಇಬ್ಬರು

ಮಾರ್ಚ್ ೩, ಸೋಮವಾರ

ಅಂಗಡಿಯ ಮೇಲ್ ತಾನಾಗಿ ಹೆಲ್ಪ್‌ಡೆಸ್ಕ್‌ಗೆ ಹೋಗುವ ಫಾರ್ವರ್ಡಿಂಗ್ ಕೊನೆಗೂ ಕೆಲಸ ಮಾಡಿತು. ನನ್ನ ಫೋನಿನಿಂದ ‘ಕಿವಿ ಕೇಳಿಸುತ್ತಿಲ್ಲ’ ಎಂದು ಒಂದು ಮೇಲ್ ಹಾಕಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಲ್ಪ್‌ಡೆಸ್ಕ್ ಪರದೆಯ ಮೇಲೆ ಸಂಖ್ಯೆ ಹೊತ್ತ ದೂರಾಗಿ, ಅಂದರೆ ಟಿಕೆಟ್ ಆಗಿ ಕುಳಿತಿತ್ತು. ಇಷ್ಟು ದಿನ ನಮ್ಮ ಶ್ರವಣಯಂತ್ರದ ಅಂಗಡಿಗೆ ಬರುವ ಮೇಲನ್ನೆಲ್ಲ ಎಲ್ಲರೂ ಒಂದೇ ಮೇಲ್‌ಬಾಕ್ಸಿನಲ್ಲಿ ನೋಡುತ್ತಿದ್ದೆವು. ಅವರು ಉತ್ತರಿಸಿರಬಹುದು ಎಂದು ಇವರು, ಇವರು ಎಂದು ಅವರು... ಕಡೆಗೆ ಯಾರೂ ಇಲ್ಲ.

ಮ್ಯಾನೇಜರ್ ಮೇಡಂಗೆ ಖುಷಿ. “ಇನ್ಮೇಲೆ ಒಂದು ಮೇಲೂ ಕೈತಪ್ಪಬಾರದು, ಆಯ್ತಾ?”

ಮನೆಗೆ ಬಂದು ಅಕ್ಕನಿಗೆ ಹೇಳಿದೆ. “ಹಾಗಾದ್ರೆ ಬಾತ್‌ರೂಮಿನ ನಲ್ಲಿ ಸೋರ್ತಿದೆ, ಅದಕ್ಕೂ ಒಂದು ಟಿಕೆಟ್ ಹಾಕ್ಕೋ” ಎಂದಳು.

ಮಾರ್ಚ್ ೫, ಬುಧವಾರ

ನಕ್ಕು ನಕ್ಕು ಸಾಕಾಯಿತು. ಯಾರೋ ಗ್ರಾಹಕರು ಊರಲ್ಲಿಲ್ಲ. ಅವರ ಮೇಲ್ ತಾನಾಗಿಯೇ ‘ನಾನು ರಜೆಯಲ್ಲಿದ್ದೇನೆ’ ಎಂದಿತು. ನಮ್ಮದು ‘ನಿಮ್ಮ ದೂರು ತಲುಪಿದೆ, ಧನ್ಯವಾದ’ ಎಂದಿತು. ಅದಕ್ಕೆ ಅದು ಮತ್ತೆ ರಜೆಯೆಂದಿತು. ಊಟ ಮುಗಿಸಿ ಬರುವಷ್ಟರಲ್ಲಿ ಪರದೆಯ ತುಂಬ ಎರಡು ಯಂತ್ರಗಳ ವಿನಯ! ಸ್ವಯಂ ಉತ್ತರಕ್ಕೆ ಉತ್ತರ ಕೊಡಬೇಡ ಎಂದು ನಮ್ಮದಕ್ಕೆ ಕಲಿಸಿದೆ.

ಇನ್ನೊಂದು ನಿಯಮವನ್ನೂ ಸೇರಿಸಿದೆ. ಒಂದೇ ಯಂತ್ರದ ಬಗ್ಗೆ ಅಪ್ಪ ಒಂದು ಮೇಲ್, ಮಗಳು ಒಂದು ಮೇಲ್ ಬರೆದು ಎರಡೆರಡು ಟಿಕೆಟ್ ಆಗುತ್ತಿತ್ತು. ಇನ್ನು ಮುಂದೆ ಗ್ರಾಹಕ ಸಂಖ್ಯೆ ಒಂದೇ ಆಗಿದ್ದರೆ ಎಲ್ಲವೂ ಒಂದೇ ಟಿಕೆಟ್‌ಗೆ. ಬಂದ ಮೇಲ್, ಹೋದ ಉತ್ತರ ಎರಡರ ಪ್ರತಿಯೂ ಆ ಸಂಖ್ಯೆಯಡಿ ಇರುವ ಎಲ್ಲರಿಗೂ. ಅಚ್ಚುಕಟ್ಟು. ಸ್ವಲ್ಪ ಜಂಬವೂ ಬಂತು.

ಮಾರ್ಚ್ ೧೦, ಸೋಮವಾರ

ನಮ್ಮ ಹಳೆಯ ಗ್ರಾಹಕ ಟೈಲರ್ ಅಜ್ಜನ ಮೇಲ್. ಹೊಲಿಗೆ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಬಂದಾಗಲೆಲ್ಲ ನಮ್ಮ ಕಾಲರ್ ಸರಿಮಾಡಿ ಹೋಗುತ್ತಾರೆ. ಬರೆದಿದ್ದರು —

‘ಎಡಗಿವಿ ಎಂದೋ ಹೋಗಿದೆ, ನಿಮಗೆ ಗೊತ್ತು. ಈಗ ಬಲಗಿವಿಯ ಯಂತ್ರವೂ ಕೈಕೊಟ್ಟಿದೆ. ಮನೆಯವಳಿಗೆ ಹೇಳಿಲ್ಲ. ಅವಳ ತುಟಿ ನೋಡಿಕೊಂಡು ಹೂಂ ಎನ್ನುತ್ತಿದ್ದೇನೆ. ಮುಂದಿನ ಸೋಮವಾರ ಅವಳ ಕಣ್ಣಿನ ಆಪರೇಷನ್. ಗೊತ್ತಾದರೆ ಅದನ್ನು ಮುಂದೂಡಿ ನನ್ನ ಹಿಂದೆ ಓಡಾಡುತ್ತಾಳೆ. ಇನ್ನೊಂದು ಕಣ್ಣು ಮೊದಲೇ ಮಬ್ಬು. ಪಟ್ಟಿ ಕಟ್ಟಿಕೊಂಡು ಮಲಗಿದವಳು ಕರೆದರೆ ನನಗೆ ಕೇಳಬೇಕಲ್ಲ?’

ಕೂಡಲೇ ಉತ್ತರ ಬರೆದೆ — ಗುರುವಾರ ಬನ್ನಿ, ಯಾರಿಗೂ ಹೇಳುವುದಿಲ್ಲ.

ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ

ಅದೇ ಟಿಕೆಟ್‌ನಲ್ಲಿ ಹೊಸ ಮೇಲ್. ಅಜ್ಜನ ಹೆಂಡತಿ, ಟೀಚರಮ್ಮನದು. ಗ್ರಾಹಕ ಸಂಖ್ಯೆ ಅವರ ಹೆಸರಿನಲ್ಲೇ ಇದೆ. ನನ್ನ ನಿಯಮ... ನನ್ನ ಉತ್ತರ, ಅದರ ಕೆಳಗೆ ಅಜ್ಜನ ಮೇಲ್, ಎರಡೂ ಅವರಿಗೆ ಹೋಗಿವೆ.

‘ಗಾಬರಿಯಾಗಬೇಡಿ. ಅವರಿಗೆ ಕೇಳಿಸುತ್ತಿಲ್ಲವೆಂದು ನನಗೆ ಮೊದಲೇ ಗೊತ್ತು. ಮೊನ್ನೆ ಪರೀಕ್ಷೆ ಮಾಡಲೆಂದೇ “ನಾನು ಪೋಸ್ಟ್‌ಮ್ಯಾನ್ ಜೊತೆ ಓಡಿಹೋಗ್ತೀನಿ” ಎಂದೆ. “ಹೂಂ, ಹುಷಾರಾಗಿ ಹೋಗಿ ಬಾ” ಎಂದರು. ಅವರಿಗೆ ಮುಜುಗರವಾಗುತ್ತದೆಂದು ಸುಮ್ಮನಿದ್ದೇನೆ. ಮಾತಾಡುವಾಗ ಬೆಳಕಿಗೆ ಮುಖ ಮಾಡಿ ನಿಲ್ಲುತ್ತೇನೆ. ಗುರುವಾರ ಕದ್ದೇ ಬರಲಿ. ನನಗೆ ಗೊತ್ತೆಂದು ದಯವಿಟ್ಟು ಹೇಳಬೇಡಿ.’

ಹೇಳುವುದೇನು ಬಂತು? ಟೀಚರಮ್ಮನ ಈ ಮೇಲ್‌ನ ಪ್ರತಿಯೂ ಅದೇ ನಿಯಮದಂತೆ ಅಜ್ಜನಿಗೆ ಹೋಗಿಯಾಗಿತ್ತು.

ಅದೇ ದಿನ, ಸಂಜೆ

ನಿಯಮ ಕಿತ್ತುಹಾಕಿದೆ. ಇನ್ನು ಬರೆದವರಿಗೆ ಮಾತ್ರ ಉತ್ತರ. ಟಿಕೆಟ್ ಸೇರಿಸುವುದಿದ್ದರೆ ಒಬ್ಬರು ಓದಿಯೇ ಸೇರಿಸಬೇಕು. ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. “ಗುರುವಾರ ಎದುರಿಗೇ ಕ್ಷಮೆ ಕೇಳು” ಎಂದರಷ್ಟೇ.

ಮಾರ್ಚ್ ೧೩, ಗುರುವಾರ

ಬಂದರು. ಒಬ್ಬರೇ. ಕ್ಷಮೆ ಕೇಳಲು ಬಾಯಿ ತೆರೆದೆ — ಕೇಳಿಸುವುದಿಲ್ಲವಲ್ಲ! ಕಾಗದದ ಮೇಲೆ ಬರೆದು ಕೊಟ್ಟೆ. ಓದಿ, ಮಡಚಿ, ನನ್ನ ಕೈಗೇ ಇಟ್ಟರು.

“ಬಿಡಮ್ಮ. ನಾನು ಅಷ್ಟು ಚೆನ್ನಾಗಿ ನಾಟಕ ಆಡ್ತಿದೀನಿ ಅನ್ಕೊಂಡಿದ್ದೆ. ಅವಳು ಯಾಕೆ ಯಾವಾಗ್ಲೂ ಕಿಟಕಿ ಹತ್ರ ನಿಂತು ಮಾತಾಡ್ತಾಳೆ ಅಂತ ಈಗ ಗೊತ್ತಾಯ್ತು.” ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು.

“ಮನೇಲಿ ಏನಂದ್ರಿ?” ಎಂದು ಬರೆದೆ.

“ಏನೂ ಇಲ್ಲ. ಬಟನ್ ತರೋಕೆ ಹೋಗ್ತೀನಿ ಅಂದೆ. ಅವಳೂ ತಲೆ ಆಡಿಸಿದ್ಲು.”

ನಮ್ಮ ಟೆಕ್ನಿಷಿಯನ್‌ಗೆ ‘ಪಿಸುಮಾತು’ ಎಂದೇ ಹೆಸರು. ಯಾರ ಜೊತೆಯೂ ದನಿ ಎತ್ತುವವರಲ್ಲ. ಯಂತ್ರ ಬಿಚ್ಚಿ ನೋಡಿ, ರಿಪೇರಿ ಆಗುವಂಥದ್ದಲ್ಲ ಎಂದರು. ಹೊಸದನ್ನು ಹೊಂದಿಸಿ ಕಿವಿಗಿಟ್ಟು, ಬೆನ್ನ ಹಿಂದೆ ನಿಂತು ಎಂದಿನ ದನಿಯಲ್ಲೇ “ಈಗ ಹೇಗಿದೆ?” ಎಂದರು. ಅಜ್ಜ ಬೆಚ್ಚಿಬಿದ್ದರು. “ನಿಮ್ಮ ದನಿ ಇದೇನಾ!”

ಹೊರಗೆ ಬಸ್‌ಸ್ಟಾಪಿನ ಬೆಂಚಿನಲ್ಲಿ ಟೀಚರಮ್ಮ ಕುಳಿತಿದ್ದರು. ಹಿಂದಿನ ಬಸ್ಸಿಗೆ ಬಂದಿರಬೇಕು. ಅಜ್ಜ ಅವರನ್ನು ನೋಡಲಿಲ್ಲ. ಬೆನ್ನು ಹಾಕಿ ನಡೆದರು. ಟೀಚರಮ್ಮ ಕುಳಿತಲ್ಲಿಂದಲೇ, ಕೂಗದೆ, “ಬಟನ್ ಸಿಕ್ತಾ?” ಎಂದರು.

ಅಜ್ಜ ನಿಂತರು. ತಿರುಗಲಿಲ್ಲ. “ಸಿಕ್ತು” ಎಂದರು.

ಟೀಚರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಾಗಿಲು ಹಿಡಿದು ನಿಂತಿದ್ದ ನಾನು ಒಳಗೆ ಬಂದುಬಿಟ್ಟೆ. ಅದು ನಾನು ನೋಡುವಂಥದ್ದಲ್ಲ.

ಮಾರ್ಚ್ ೧೮, ಮಂಗಳವಾರ

ಅಜ್ಜನ ಮೇಲ್. ಆಪರೇಷನ್ ಚೆನ್ನಾಗಿ ಆಯಿತಂತೆ. ‘ಬೆಳಗಾಗುತ್ತಲೇ ನೀರು ಎಂದಳು. ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ಆಮೇಲಿಂದ ಸುಮ್ಮಸುಮ್ಮನೆ ಕರೆಯುತ್ತಿದ್ದಾಳೆ. ಹೋದರೆ ಏನೂ ಇಲ್ಲ ಅನ್ನುತ್ತಾಳೆ. ಮತ್ತೆ ಕರೆಯುತ್ತಾಳೆ. ನಾನೂ ಹೋಗುತ್ತೇನೆ.’

ಟಿಕೆಟ್ ಮುಚ್ಚಲು ಹೋದೆ. ಅಷ್ಟರಲ್ಲಿ ಇನ್ನೊಂದು — ಟೀಚರಮ್ಮನ ವಿಳಾಸದಿಂದ. ಈಗ ಬೇರೆಯದೇ ಟಿಕೆಟ್.

‘ನಾನು ಮಲಗಿಕೊಂಡು ಹೇಳುತ್ತಿದ್ದೇನೆ, ಇವರು ಟೈಪ್ ಮಾಡುತ್ತಿದ್ದಾರೆ. ಒಂದು ಮಾತನ್ನೂ ಎರಡು ಸಲ ಹೇಳಬೇಕಾಗಲಿಲ್ಲ. ನಿಮಗೆಲ್ಲ ಒಳ್ಳೆಯದಾಗಲಿ.’

ಅದರ ಕೆಳಗೆ ಅಜ್ಜನದೇ ಒಂದು ಸಾಲು: ‘ಇನ್ನೊಂದು ಮಾತೂ ಹೇಳಿದಳು, ಬಹಳ ಮೆಲ್ಲಗೆ. ಅದನ್ನು ಮಾತ್ರ ಟೈಪ್ ಮಾಡುವುದಿಲ್ಲ.’

ಮೇಡಂಗೆ ಓದಿ ಹೇಳೋಣ ಎಂದು ಎದ್ದೆ. ಮತ್ತೆ ಕುಳಿತು ಆ ಸಾಲನ್ನೇ ಇನ್ನೊಮ್ಮೆ ಓದಿದೆ. ಪಿಸುಮಾತು ನೀರಿನ ಲೋಟ ತಂದಿಟ್ಟು, ಪರದೆಯತ್ತ ಬಗ್ಗಿ ತಾವೂ ಓದಿ, ಏನೋ ಅಂದರು... ನನಗೆ ಸರಿಯಾಗಿ ಕೇಳಿಸಲಿಲ್ಲ.