ಹನ್ನೆರಡು ಬಂದು ಹೋಯಿತು

ಹಾಸ್ಟೆಲ್, ಕೋಣೆ ೧೪
ಸೋಮವಾರ, ೬ ಅಕ್ಟೋಬರ್, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಿಮ್ಮ ಬೆನ್ನುನೋವು ಹೇಗಿದೆ? ರಿಪೇರಿಗೆ ಬಂದ ಹೊಲಿಗೆ ಮಶೀನುಗಳನ್ನು ಒಬ್ಬರೇ ಎತ್ತಬೇಡಿ, ಗಿರಾಕಿಗಳು ಕಾಯಲಿ. ಅಮ್ಮನ ಕೆಮ್ಮು ಇಳಿಯಿತೇ? ನಾನು ಕ್ಷೇಮ. ನೋಡಿ, ಕೈ ತಾನಾಗಿಯೇ ಬರೆದುಬಿಟ್ಟಿತು. ಶಾಲೆಯ ಹಾಸ್ಟೆಲಿನಲ್ಲಿ ಭಾನುವಾರದ ಪತ್ರಗಳನ್ನು ವಾರ್ಡನ್ ಓದಿಯೇ ಅಂಚೆಗೆ ಹಾಕುತ್ತಿದ್ದರಲ್ಲ, ಜ್ವರ ಬಂದ ವಾರವೂ ‘ಕ್ಷೇಮ’ ಎಂದೇ ಬರೆದು ಅಭ್ಯಾಸ.

ಇಲ್ಲಿ ಕಂಪ್ಯೂಟರ್ ಕೋರ್ಸಿನಲ್ಲಿ ನಮಗೆ ವೆಬ್ ಪೇಜಿನಲ್ಲಿ ಒಂದು ಕ್ಯಾಲ್ಕುಲೇಟರ್ ಮಾಡಲು ಕೊಟ್ಟಿದ್ದಾರೆ. ಎರಡು ಖಾನೆ, ಒಂದು ‘ಸಮ’ ಬಟನ್, ಅಷ್ಟೇ. ಎಲ್ಲರದೂ ಹೋದ ವಾರವೇ ಮುಗಿಯಿತು. ನನ್ನದರಲ್ಲಿ ಏಳು, ಐದು ಹಾಕಿ ಒತ್ತಿದರೆ ಉತ್ತರವೂ ಇಲ್ಲ, ಹಾಕಿದ ಅಂಕಿಗಳೂ ಇಲ್ಲ. ಕೂಡಿಸುವ ಸಾಲುಗಳನ್ನು ನಾಲ್ಕು ಸಲ ಅಳಿಸಿ ಬರೆದೆ. ಪಕ್ಕದ ಸೀಟಿನವಳು (ಕೀಬೋರ್ಡ್ ಕುಟ್ಟುವ ಸದ್ದಿಗೆ ನಾವು ಅವಳನ್ನು ಟೈಪ್‌ರೈಟರ್ ಅನ್ನುತ್ತೇವೆ) "ಏನೇ ಇದು, ಕ್ಯಾಲ್ಕುಲೇಟರಾ ಸ್ಲೇಟಾ? ಹಾಕಿದ್ದನ್ನೆಲ್ಲ ಒರೆಸ್ಕೊಂಡು ಕೂತ್ಕೊಳ್ಳುತ್ತೆ!" ಅಂತ ನಕ್ಕಳು. ನಾನೂ ನಕ್ಕೆ. ನಕ್ಕು, ಶನಿವಾರ ಆಫೀಸಿಗೆ ಹೋಗಿ ಕೋರ್ಸ್ ಬಿಡುವ ಫಾರಂ ತಂದೆ. ನಿಮ್ಮ ಸಹಿ ಬೇಕು, ಹದಿನೈದನೇ ತಾರೀಕು ಕೊನೆ. ನಿನ್ನೆ ನಿಮಗೆ ಬರೆಯಲು ಕೂತಿದ್ದೇ ಅದನ್ನು ಕಳಿಸುವುದಕ್ಕೆ. ‘ಪ್ರೀತಿಯ ಅಪ್ಪಾ’ ದಾಟಿ ಪೆನ್ನು ಮುಂದೆ ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ನಿಮ್ಮ ನೆನಪಾಯಿತು. ಕೆಟ್ಟ ಮಶೀನು ಬಂದರೆ ನೀವು ಮೊದಲು ಸ್ಕ್ರೂಡ್ರೈವರ್ ಮುಟ್ಟುವವರೇ ಅಲ್ಲ. ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತ, "ಬಿಚ್ಚೋಕೆ ಅವಸರ ಮಾಡ್ಬೇಡ ಪುಟ್ಟಿ, ಅದೇನ್ ಮಾಡ್ತಿದೆ ಅಂತ ಮೊದ್ಲು ನೋಡು" ಅನ್ನುತ್ತಿದ್ದಿರಿ. ಹಾಗೇ, ಕೋಡ್ ಮುಟ್ಟದೆ, ಕಣ್ಣು ಮಿಟುಕಿಸದೆ ‘ಸಮ’ ಒತ್ತಿದೆ. ಅಪ್ಪಾ, ಹನ್ನೆರಡು ಬಂತು! ಬಂದದ್ದೇ ತಡ, ಹೋಯಿತು. ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಒತ್ತಿದಾಗಲೆಲ್ಲ ಪೇಜು ತಾನೇ ಹೊಸದಾಗಿ ತೆರೆದುಕೊಂಡು ಎಲ್ಲವನ್ನೂ ಒರೆಸಿಹಾಕುತ್ತಿತ್ತು. ಹಾಗೆ ತೆರೆಯಬೇಡ ಎಂದು ಒಂದೇ ಒಂದು ಸಾಲು ಸೇರಿಸಿದೆ. ಹನ್ನೆರಡು ನಿಂತಿತು. ಟೈಪ್‌ರೈಟರ್ "ಪಾರ್ಟಿ ಯಾವಾಗ್ಲೇ?" ಅಂದಳು. ನನಗೋ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಊಟಕ್ಕೆ ಹೋದವಳು ಅರ್ಧಕ್ಕೇ ಎದ್ದು, ಇನ್ನೂ ಇದೆಯೋ ಇಲ್ಲವೋ ಅಂತ ಲ್ಯಾಬಿಗೆ ಹೋಗಿ ಎರಡು ಸಲ ಒತ್ತಿ ನೋಡಿ ಬಂದೆ. ಇದೆ.

ಅಮ್ಮನಿಗೆ ನನ್ನ ನೆನಪು ಹೇಳಿ. ಮಶೀನು ಎತ್ತಬೇಡಿ ಅಂದದ್ದನ್ನು ಮರೆಯಬೇಡಿ.

ನಿಮ್ಮ
ಪುಟ್ಟಿ

ಕವರ್ ಅಂಟಿಸುವ ಮುಂಚೆ: ಫಾರಂ ಇದರಲ್ಲಿ ಇಟ್ಟಿಲ್ಲ. ಹರಿದೂ ಇಲ್ಲ. ಹೋದ ವಾರ ಅಂಗಡಿಯ ಹಳೇ ಫೋನಿಗೆ ಮೂರು ಸಲ ಕರೆ ಬಂದು, ನೀವು ಹಲೋ ಅನ್ನುತ್ತಲೇ ಕಟ್ ಆಯಿತಲ್ಲ, ಅದು ನಾನೇ. ಭಾನುವಾರ ಮತ್ತೆ ಮಾಡುತ್ತೇನೆ. ಚೆನ್ನಾಗಿದ್ದೀಯಾ ಅಂತ ಕೇಳಿದರೆ ನನ್ನ ಬಾಯಿಗೆ ‘ಹೂಂ’ ಅಂತಲೇ ಬರುತ್ತದೆ. ಆಗ ಫೋನ್ ಇಟ್ಟುಬಿಡಬೇಡಿ ಅಪ್ಪಾ, ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿರಿ.