ಲಗಮವ್ವನ ಹೆಪ್ಪು

ಶುಕ್ರವಾರ, ೨೧ ನವೆಂಬರ್ ೨೦೨೫

“ಇಷ್ಟು ದೊಡ್ಡ ದುಃಖವನ್ನು ಹೇಗೆ ಗೆದ್ದಿರಿ?” ಬಾಗಲಕೋಟೆಯ ಕಾಲೇಜಿನ ಸಭೆಯಲ್ಲಿ ಇವತ್ತು ಕೇಳಿದರು. ನಮ್ಮವರು ತೀರಿಕೊಂಡು ಏಳು ತಿಂಗಳಾಯಿತು. ಓದು, ಧ್ಯಾನ, ಮನಸ್ಸಿನ ಗಟ್ಟಿತನ ಎಂದೆಲ್ಲ ಮೈಕಿನ ಮುಂದೆ ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದೆ.

ಬಾದಾಮಿಯಲ್ಲಿ ಬಸ್ಸಿಳಿದು, ಮನೆಯ ಕೀಲಿ ಇಸಿದುಕೊಳ್ಳಲು ಪಕ್ಕದ ಲಗಮವ್ವನಲ್ಲಿಗೆ ಹೋದರೆ ನೆಲುವಿನ ತುಂಬ ಮೊಸರಿನ ಗಡಿಗೆಗಳು! ಹಾಗಾದರೆ ಈಕೆ ದಿನಾ ಬೆಳಗಾದರೆ ಬಟ್ಟಲು ಹಿಡಿದು ನನ್ನ ಬಾಗಿಲು ಬಡಿಯುವುದೇಕೆ? “ಬಾಯಾರ, ಚೂರು ಹೆಪ್ಪು ಕೊಡ್ರಿ, ನಮ್ಮದು ಭಾಳ ಹುಳಿ ಆಗೇತಿ.” ಏಳು ತಿಂಗಳಿಂದ ಇದೊಂದೇ ರಾಗ. ನನ್ನ ಒಲೆ ಹೊತ್ತಿದೆಯೋ ಇಲ್ಲವೋ ನೋಡಿ ಓಣಿಗೆಲ್ಲ ಸುದ್ದಿ ಹಂಚಲು ಬರುತ್ತಾಳೆಂದು ನನಗೆ ಮೊದಲಿನಿಂದಲೂ ಗುಮಾನಿ.

“ಇಷ್ಟು ಮೊಸರು ಇಟ್ಕೊಂಡು ನನ್ನ ಕಡೆ ಹೆಪ್ಪಿಗೆ ಯಾಕ ಬರ್ತೀ?” ನೇರವಾಗಿ ಕೇಳಿಯೇ ಬಿಟ್ಟೆ.

ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. “ಮೊದಲ್ನೇ ದಿನಾ ಬಾಗಲಾ ತೆಗ್ಯಾಕ ಅರ್ಧಾ ತಾಸು ಹಚ್ಚಿದ್ರಿ, ಬಾಯಾರ. ಈಗ ಒಂದ ಕೂಗಿಗೆ ತೆಗಿತೀರಿ.”

ಮೈಯೆಲ್ಲ ಉರಿಯಿತು. ಅಂದರೆ ಇಷ್ಟು ದಿನ ನನ್ನನ್ನು ಅಳೆಯುತ್ತಿದ್ದಳೇ? ನಾಳೆ ಎಷ್ಟು ಕೂಗಿದರೂ ಬಾಗಿಲು ತೆಗೆಯಬಾರದು.

ಹಾಗೆಂದುಕೊಳ್ಳುತ್ತಲೇ ಹಾಲು ಕಾಸಿ, ಉಗುರುಬೆಚ್ಚಗೆ ಆರಿಸಿ, ಹೆಪ್ಪು ಹಾಕಿ ಬಂದು ಕುಳಿತಿದ್ದೇನೆ. ಯಾರಿಗೆಂದು ಹಾಕಿದೆ? ನಾನು ಮೊಸರು ಮುಟ್ಟುವವಳಲ್ಲ. ಈ ಮನೆಯಲ್ಲಿ ಮೊಸರು ಉಣ್ಣುತ್ತಿದ್ದವರು ಅವರೊಬ್ಬರೇ.